ಕರ್ನಾಟಕ ಮರಳದಂಡೆಗೇ ಮುಗಿಯುವುದಿಲ್ಲ!

ಕನ್ನಡದ ತರುಣರೇ,

ಒಂದು ಹಾಳೆ ತೆಗೆದುಕೊಂಡು ಕರ್ನಾಟಕದ ನಕ್ಷೆ ಬರೆಯಿರಿ ನೋಡೋಣ. ಬೀದರಿನಿಂದ ಶುರು ಮಾಡುತ್ತೀರಿ. ಬೆಳಗಾವಿ ಬಂದಾಗ ಪೆನ್ಸಿಲನ್ನು ಒತ್ತಿ ಹಿಡಿಯುತ್ತೀರಿ. ಅಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಕೋಲಾರ, ಚಾಮರಾಜನಗರ, ಕೊಡಗು ಎಲ್ಲ ಸುತ್ತಿ ಬಂದು, ಕೊನೆಗೆ ತಲಪಾಡಿಯಿಂದ ಕಾರವಾರದವರೆಗೆ ಒಂದು ಗೆರೆ ಎಳೆದು ಕೈ ಕೊಡವಿಕೊಳ್ಳುತ್ತೀರಿ. ನಕ್ಷೆ ಮುಗಿಯಿತು! ಗೆರೆಯ ಆಚೆ ಏನಿದೆ? ನೀಲಿ ಬಣ್ಣ. ನೀರು. ಅಷ್ಟೇ.

ಅಷ್ಟೇ ಅಲ್ಲ ಗೆಳೆಯರೇ. ಆ ಗೆರೆಯ ಆಚೆ ಇನ್ನೊಂದು ಕರ್ನಾಟಕ ಇದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ದೂರದವರೆಗಿನ ಕಡಲಿನಲ್ಲಿ ಯಾರು ಮೀನು ಹಿಡಿಯಬೇಕು, ಯಾವ ಬಲೆಯಲ್ಲಿ ಹಿಡಿಯಬೇಕು, ಯಾವಾಗ ಹಿಡಿಯಬಾರದು ಎಂದು ತೀರ್ಮಾನಿಸುವ ಅಧಿಕಾರ ದಿಲ್ಲಿಯದಲ್ಲ, ನಮ್ಮ ವಿಧಾನಸೌಧದ್ದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯಲ್ಲಿದೆ. ಆ 12 ಮೈಲಿಯ ಆಚೆಗಿನದು ಮಾತ್ರ ಕೇಂದ್ರದ ಪಟ್ಟಿಗೆ ಸೇರಿದೆ. ನಮ್ಮ ಕರಾವಳಿಯ ಉದ್ದ ಸುಮಾರು 320 ಕಿ.ಮೀ. ನೀವೇ ಗುಣಿಸಿ ನೋಡಿ. ಏಳು ಸಾವಿರ ಚದರ ಕಿ.ಮೀ. ಆಯಿತು. ಬೆಂಗಳೂರು ನಗರ ಜಿಲ್ಲೆಯಂಥ ಮೂರು ಜಿಲ್ಲೆಗಳನ್ನು ಅದರೊಳಗೆ ಹಾಕಿದರೂ ಇನ್ನೂ ಜಾಗ ಉಳಿಯುತ್ತದೆ!

ಒಂದು ಗುಂಟೆ ನೆಲಕ್ಕಾಗಿ ಬೀದಿಗೆ ಇಳಿಯುವ ನಾವು, ಇಷ್ಟು ದೊಡ್ಡ ಆಸ್ತಿಯನ್ನು ಯಾರು ಯಾರೋ ಬಾಚಿಕೊಂಡು ಹೋಗುತ್ತಿದ್ದರೂ ಬಾಯಿ ಬಿಟ್ಟಿಲ್ಲ. ಕಾವೇರಿಗೆ ಬಂದ್ ಮಾಡಿದ್ದೇವೆ, ಮಹದಾಯಿಗೆ ಬಂದ್ ಮಾಡಿದ್ದೇವೆ. ಆ ನದಿಗಳ ಸಿಹಿನೀರಿಗೆ ಇರುವ ಬೆಲೆ ಅರಬ್ಬೀ ಸಮುದ್ರದ ಉಪ್ಪುನೀರಿಗೆ ಇಲ್ಲವೇ? ಕಡಲೆಂದರೆ ನಮಗೆ ಶನಿವಾರ ರಾತ್ರಿ ಬಸ್ಸು ಹತ್ತಿ ಗೋಕರ್ಣಕ್ಕೆ ಹೋಗಿ ಬರುವ ಜಾಗ ಮಾತ್ರವೇ?

ಲೂಟಿಯ ಕಥೆ

ನಮ್ಮ ಕರಾವಳಿಯಲ್ಲಿ ರಂಪಣಿ ಎಂಬ ಬಲೆ ಇತ್ತು. ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಬಲೆ. ದೋಣಿಯಲ್ಲಿ ಹೋದವನಿಗೂ ಪಾಲು, ಹಗ್ಗ ಎಳೆದವನಿಗೂ ಪಾಲು. ಮೀನು ದಡಕ್ಕೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಮೀನನ್ನು ಅಟ್ಟಿಸಿಕೊಂಡು ಹೋಗುವ ಪ್ರಶ್ನೆಯೇ ಇರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ಬೂತಾಯಿ ದಡ ಮುಟ್ಟುವ ಮೊದಲೇ ಕಡಲ ನಡುವೆ ಸುತ್ತುವರಿದು ಎತ್ತಿದವು. ಆ ದಶಕ ಮುಗಿಯುವಷ್ಟರಲ್ಲಿ ರಂಪಣಿ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇದಕ್ಕೆ ಸಾಲ, ಸಹಾಯಧನ ಕೊಟ್ಟವರು ಯಾರು? ನಮ್ಮ ಸರ್ಕಾರವೇ. ಅದಕ್ಕೆ ಅಭಿವೃದ್ಧಿ ಎಂದು ಹೆಸರಿಟ್ಟರು.

ಈಗ ಅದಕ್ಕಿಂತ ಮುಂದೆ ಹೋಗಿದ್ದೇವೆ. ಬುಲ್ ಟ್ರಾಲಿಂಗ್ ಎಂಬುದನ್ನು ಕೇಳಿದ್ದೀರಾ? ಎರಡು ದೊಡ್ಡ ಬೋಟುಗಳು ಒಂದೇ ಬಲೆಯ ಎರಡು ತುದಿ ಕಟ್ಟಿಕೊಂಡು ಜೊತೆಜೊತೆಗೆ ಓಡುತ್ತವೆ. ನಡುವೆ ಸಿಕ್ಕಿದ್ದೆಲ್ಲ ಬಲೆಗೆ. ದೊಡ್ಡ ಮೀನು, ಮರಿ ಮೀನು, ಮೊಟ್ಟೆ ಹೊತ್ತ ಮೀನು, ಆಮೆ, ಯಾವುದಕ್ಕೂ ರಿಯಾಯಿತಿ ಇಲ್ಲ. ಇನ್ನೊಂದು ಲೈಟ್ ಫಿಶಿಂಗ್. ರಾತ್ರಿಯ ಹೊತ್ತು ಬೋಟಿನಲ್ಲಿ ಜನರೇಟರ್ ಇಟ್ಟು, ಕಣ್ಣು ಕೋರೈಸುವ ಎಲ್‌ಇಡಿ ದೀಪ ಉರಿಸಿ, ಬೆಳಕಿಗೆ ಮೇಲೆದ್ದು ಬಂದ ಮೀನಿನ ಸಂತೆಯನ್ನೇ ಒಮ್ಮೆಗೆ ಸುತ್ತಿ ಎತ್ತುವುದು. ಈ ಎರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಮ್ಮ ರಾಜ್ಯವೂ ನಿಷೇಧಿಸಿದೆ. ಆದರೂ ನಾಡದೋಣಿಯವರು ವರ್ಷ ವರ್ಷವೂ ಧರಣಿ ಕೂರುತ್ತಿದ್ದಾರೆ: 'ಸ್ವಾಮಿ, ನಿಮ್ಮ ನಿಷೇಧ ಕಾಗದದಲ್ಲಿದೆ, ದೀಪ ಕಡಲಲ್ಲಿ ಉರಿಯುತ್ತಿದೆ' ಎಂದು!

ಬಾಚಿದ ಮರಿ ಮೀನು ಎಲ್ಲಿಗೆ ಹೋಗುತ್ತದೆ? ಬಡವನ ತಟ್ಟೆಗಲ್ಲ. ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಬೇಯಿಸಿ, ಹಿಂಡಿ, ಪುಡಿ ಮಾಡಿ, ಸೀಗಡಿ ಕೆರೆಗೂ ಕೋಳಿ ಫಾರಮ್ಮಿಗೂ ಮೇವಾಗಿ ಸಾಗಿಸುತ್ತಾರೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಕೈಯುದ್ದ ಬೆಳೆದು, ಸಾವಿರಾರು ಮೊಟ್ಟೆ ಇಟ್ಟು, ನಾಲ್ಕು ಮನೆಯ ಒಲೆ ಉರಿಸಬೇಕಾದ ಮೀನು ಕಿಲೋ ಲೆಕ್ಕದಲ್ಲಿ ಗೊಬ್ಬರದ ಬೆಲೆಗೆ ಹೋಗುತ್ತದೆ. ಬಿತ್ತನೆಯ ಬೀಜವನ್ನೇ ಕುಟ್ಟಿ ಕೋಳಿಗೆ ಹಾಕುವ ರೈತನನ್ನು ಎಲ್ಲಾದರೂ ಕಂಡಿದ್ದೀರಾ?

ಪಕ್ಕದ ಕೇರಳವನ್ನು ನೋಡಿ. 2012ರಲ್ಲಿ ಅಲ್ಲಿ ಹಿಡಿದ ಬೂತಾಯಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಇತ್ತು. 2021ರಲ್ಲಿ ಅದು 3,297 ಟನ್ನಿಗೆ ಕುಸಿಯಿತು. ನೂರಕ್ಕೆ ಒಂದು ಪಾಲೂ ಉಳಿಯಲಿಲ್ಲ! ಕಡಲು ಬಿಸಿಯಾದದ್ದು, ಹವಾಮಾನ ಕೆಟ್ಟದ್ದು ಇದಕ್ಕೆ ಒಂದು ಕಾರಣ. ಮರಿಗಳನ್ನು ಬಾಚಿದ್ದು ಇನ್ನೊಂದು ಕಾರಣ. ಮೊದಲನೆಯದು ನಮ್ಮೊಬ್ಬರ ಕೈಯಲ್ಲಿಲ್ಲ. ಎರಡನೆಯದು ಪೂರ್ತಿ ನಮ್ಮ ಕೈಯಲ್ಲಿದೆ. ಬೂತಾಯಿಗೆ ಕೇರಳ, ಕರ್ನಾಟಕ ಎಂಬ ಗಡಿ ಇಲ್ಲ. ಅಲ್ಲಿ ಬರಿದಾದದ್ದು ಇಲ್ಲಿಯೂ ಬರಿದಾಗುತ್ತದೆ.

ಶೃಂಗೇರಿಯ ಮೀನು ಹೇಳುವ ಪಾಠ

ಹಾಗಾದರೆ ದಾರಿ ಯಾವುದು? ಕಡಲಿನ ಕೆಲವು ಜಾಗಗಳನ್ನು ಆರಿಸಿ, ಅಲ್ಲಿ ಬಲೆ ಹಾಕದೆ ಬಿಡುವುದು. ಮೀನು ಮೊಟ್ಟೆ ಇಡುವ ಜಾಗ, ಮರಿಗಳು ಬೆಳೆಯುವ ಜಾಗ, ಹವಳದ ಜಾಗ, ಆಮೆ ದಡ ಹತ್ತುವ ಜಾಗ. ಇದಕ್ಕೆ ಇಂದಿನವರು ಸಾಗರ ಸಂರಕ್ಷಿತ ಪ್ರದೇಶ ಎಂದು ಹೆಸರಿಟ್ಟಿದ್ದಾರೆ. ಇದು ಪರದೇಶದಿಂದ ಬಂದ ಬುದ್ಧಿ ಎಂದು ಮೂಗು ಮುರಿಯಬೇಡಿ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಯಾರಾದರೂ ಗಾಳ ಹಾಕುತ್ತಾರೆಯೇ? ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಹೊಳೆಯಲ್ಲಿ ಬಲೆ ಬೀಸುತ್ತಾರೆಯೇ? ಕೊಡಗಿನ ದೇವರಕಾಡಿನಲ್ಲಿ ಕೊಡಲಿ ಬೀಳುತ್ತದೆಯೇ? ಒಂದಿಷ್ಟನ್ನು ಮುಟ್ಟದೆ ಬಿಟ್ಟರೆ ಉಳಿದದ್ದು ನಮ್ಮನ್ನು ಸಾಕುತ್ತದೆ ಎಂಬ ಅರಿವು ನಮ್ಮ ಹಿರಿಯರಿಗೆ ಇತ್ತು. ಹೊಳೆಯ ಒಂದು ಮಡುವಿಗೆ ಅವರು ಮಾಡಿದ್ದನ್ನು ನಾವು ಕಡಲಿಗೆ ಮಾಡಬೇಕಾಗಿದೆ.

ಇದರ ಲೆಕ್ಕ ಸರಳ. ದೊಡ್ಡ ಹೆಣ್ಣುಮೀನು ಸಣ್ಣದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮೊಟ್ಟೆ ಇಡುತ್ತದೆ. ಅದನ್ನು ದೊಡ್ಡದಾಗಲು ಬಿಡುವ ಜಾಗವೊಂದು ಬೇಕು. ಅಲ್ಲಿ ಒಡೆದ ಮೊಟ್ಟೆಯ ಮರಿಗಳು ನೀರಿನ ಸೆಳೆತದಲ್ಲಿ ತೇಲಿ ದೂರದ ಕಡಲನ್ನೂ ತುಂಬುತ್ತವೆ. ಬೆಳೆದ ಮೀನು ಬೇಲಿ ದಾಟಿ ಹೊರಗೆ ಬರುತ್ತದೆ. ಹೊರಗೆ ಕಾದಿರುವ ದೋಣಿಗೆ ಸಿಗುತ್ತದೆ. ಮೀಸಲು ಕಡಲೆಂದರೆ ಮೀನುಗಾರನ ಬ್ಯಾಂಕಿನ ಠೇವಣಿ. ಅಸಲನ್ನು ಮುಟ್ಟಬೇಡ, ಬಡ್ಡಿಯಲ್ಲಿ ಬದುಕು ಎಂಬ ಮಾತು ಅಷ್ಟೇ.

ಮಾಡಿ ತೋರಿಸಿದವರು ಇದ್ದಾರೆ. ಫಿಲಿಪ್ಪೀನ್ಸಿನ ಆಪೋ ಎಂಬ ಪುಟ್ಟ ದ್ವೀಪದ ಬಡ ಮೀನುಗಾರರು 1982ರಲ್ಲಿ ತಮ್ಮ ಹವಳದ ದಂಡೆಯ ಒಂದು ಸಣ್ಣ ಭಾಗವನ್ನು ತಾವೇ ಮುಚ್ಚಿದರು, ತಾವೇ ಕಾವಲು ಕಾದರು. ಪಕ್ಕದ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜೊತೆಗೆ ನಿಂತರು. ಮುಚ್ಚಿದ ಜಾಗದಲ್ಲಿ ಮೀನು ಹೆಚ್ಚಿತು, ಅದರ ಸುತ್ತಲಿನ ನೀರಿನಲ್ಲಿ ದೋಣಿಗೂ ಸಿಕ್ಕಿತು. ಮೆಕ್ಸಿಕೋ ದೇಶದ ಕಾಬೋ ಪುಲ್ಮೋದಲ್ಲಿ 1995ರಲ್ಲಿ ಇಂಥದೇ ಒಂದು ಧಾಮವಾಯಿತು. 1999ರಿಂದ 2009ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿನ ಮೀನಿನ ಒಟ್ಟು ತೂಕ ಶೇಕಡಾ 463ರಷ್ಟು ಏರಿತು. ಅಲ್ಲಿ ಕಾನೂನನ್ನು ಕಾದವರು ದಿಲ್ಲಿಯಂಥ ದೂರದ ರಾಜಧಾನಿಯ ಅಧಿಕಾರಿಗಳಲ್ಲ, ಊರಿನ ಮೀನುಗಾರ ಕುಟುಂಬಗಳು.

ಕಾಗದದ ಧಾಮ, ಕಾಂಕ್ರೀಟಿನ ಬಂದರು

ನಮ್ಮ ಸರ್ಕಾರ ಏನು ಮಾಡಿದೆ? ಮಾಡಿದೆ, ಇಲ್ಲವೆನ್ನಲಾರೆವು. ಹೊನ್ನಾವರ ತಾಲ್ಲೂಕಿನಲ್ಲಿ ಅಪ್ಸರಕೊಂಡ–ಮುಗಳಿ ಎಂಬ ಸಾಗರ ವನ್ಯಧಾಮವನ್ನು ಈ ದಶಕದಲ್ಲಿ ಘೋಷಿಸಿದೆ. ಕರ್ನಾಟಕದ ಮೊದಲ ಸಾಗರ ಧಾಮ. ದಡದ ಕಾಡನ್ನೂ ಸೇರಿಸಿ ಸುಮಾರು 60 ಚದರ ಕಿ.ಮೀ. ಏಳು ಸಾವಿರದಲ್ಲಿ ಅರವತ್ತು! ನೂರಕ್ಕೆ ಒಂದು ಪಾಲೂ ಆಗಲಿಲ್ಲ. 2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜಗತ್ತಿನ ದೇಶಗಳು ಸೇರಿ, 2030ರೊಳಗೆ ನೆಲದಲ್ಲಿಯೂ ಕಡಲಿನಲ್ಲಿಯೂ ನೂರಕ್ಕೆ 30 ಪಾಲನ್ನು ಕಾಪಾಡುವುದೆಂದು ಒಪ್ಪಿದವು. ಭಾರತವೂ ಒಪ್ಪಿದೆ. ಮೂವತ್ತೆಲ್ಲಿ, ಒಂದಕ್ಕೂ ಕಡಿಮೆ ಎಲ್ಲಿ?

ಆದರೆ ಅಸಲು ಸಿಟ್ಟು ಬರುವುದು ಅಂಕಿಯಿಂದಲ್ಲ. ಅದೇ ಹೊನ್ನಾವರ ತಾಲ್ಲೂಕಿಗೆ ಹೋಗಿ ನೋಡಿ. ಅಪ್ಸರಕೊಂಡದ ಬಗಲಲ್ಲೇ ಕಾಸರಕೋಡು. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಸರ್ಕಾರ ಬೆನ್ನು ತಟ್ಟಿಕೊಂಡಿತು. ಅದೇ ಕಾಸರಕೋಡಿನ ಟೊಂಕದಲ್ಲಿ, ಶರಾವತಿ ಕಡಲು ಸೇರುವ ಅಳಿವೆಯ ಬಾಯಲ್ಲಿ, ಖಾಸಗಿ ವಾಣಿಜ್ಯ ಬಂದರಿಗೆ ಸರ್ಕಾರ ಜಾಗ ಕೊಟ್ಟಿದೆ. ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುವ ಮರಳು ಅದು. ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಆ ಆಮೆಗೂ ಇದೆ. ಮೀನು ಒಣಗಿಸಿ ಬದುಕುವ ಹೆಂಗಸರ ಅಂಗಳವೂ ಅದೇ ಮರಳು. ಅವರು ವರ್ಷಗಳಿಂದ ಹೋರಾಡುತ್ತಿದ್ದಾರೆ, ಪೊಲೀಸರ ಬಂಧನ ಕಂಡಿದ್ದಾರೆ, ಕೇಸು ಹಾಕಿಸಿಕೊಂಡಿದ್ದಾರೆ. ಒಂದೇ ತಾಲ್ಲೂಕಿನಲ್ಲಿ ಒಂದು ಕೈಯಿಂದ ಧಾಮ, ಇನ್ನೊಂದು ಕೈಯಿಂದ ಬಂದರು! ಮಗುವನ್ನೂ ಚಿವುಟುವುದು, ತೊಟ್ಟಿಲನ್ನೂ ತೂಗುವುದು ಎಂದರೆ ಇದೇ ಅಲ್ಲವೇ?

ಉತ್ತರಕ್ಕೆ ಬನ್ನಿ. ಅಘನಾಶಿನಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಮನ್ನಣೆ ಬಂತು. ನೀರಿಳಿದಾಗ ಸಾವಿರಾರು ಜನ ಕೆಸರಿಗೆ ಇಳಿದು ಚಿಪ್ಪಿ ಆರಿಸಿ ಹೊಟ್ಟೆ ಹೊರೆಯುವ ಅಳಿವೆ. ಇದೇ ಅಳಿವೆಯ ತದಡಿಯಲ್ಲಿ ಒಮ್ಮೆ ಬೃಹತ್ ಉಷ್ಣವಿದ್ಯುತ್ ಸ್ಥಾವರ ತರಲು ಹೊರಟಿದ್ದರು! ಜನ ಎದ್ದು ನಿಂತದ್ದರಿಂದ ಅದು ನಿಂತಿತು. ಇಲ್ಲದಿದ್ದರೆ ಇವತ್ತು ರಾಮ್ಸರ್ ಫಲಕ ನೆಡಲು ಅಳಿವೆಯೇ ಇರುತ್ತಿರಲಿಲ್ಲ. ಇನ್ನೂ ಉತ್ತರಕ್ಕೆ ಅಂಕೋಲಾ. ಅಲ್ಲಿನ ಕೇಣಿಯಲ್ಲಿ ಬೃಹತ್ ಬಂದರಿನ ಪ್ರಸ್ತಾಪ ಬಂದು, 2025ರಲ್ಲಿ ಮೀನುಗಾರರು ಬೀದಿಗೆ ಇಳಿದರು. ಉಪ್ಪಿನ ಸತ್ಯಾಗ್ರಹದ ಅಂಕೋಲಾ ಮತ್ತೆ ಕಡಲಿಗಾಗಿ ಎದ್ದು ನಿಂತಿದೆ.

ಇದಕ್ಕೆಲ್ಲ ಮೂಲ ಒಂದೇ. ಕಡಲಿಗೆ ಯೋಜನೆಯೇ ಇಲ್ಲ. ಬಂದರು ಇಲಾಖೆ ತನ್ನ ನಕ್ಷೆ ಹಿಡಿದು ಬರುತ್ತದೆ, ಪ್ರವಾಸೋದ್ಯಮ ತನ್ನದನ್ನು, ಅರಣ್ಯ ಇಲಾಖೆ ತನ್ನದನ್ನು, ಮೀನುಗಾರಿಕೆ ಇಲಾಖೆ ತನ್ನದನ್ನು. ನಾಲ್ಕು ನಕ್ಷೆಗಳನ್ನು ಒಂದರ ಮೇಲೆ ಒಂದಿಟ್ಟು ನೋಡುವವರು ಯಾರೂ ಇಲ್ಲ. ಯಾರೂ ಜಗಳ ತೆಗೆಯದ ಮೂಲೆಯೊಂದು ಉಳಿದರೆ ಅದಕ್ಕೆ 'ಧಾಮ' ಎಂಬ ಬೋರ್ಡು!

ಆಸ್ಟ್ರೇಲಿಯಾ ತನ್ನ ದೊಡ್ಡ ಹವಳದ ದಂಡೆಗೆ ಹೊಸ ಯೋಜನೆ ಮಾಡಿದಾಗ ಹೀಗೆ ಮಾಡಲಿಲ್ಲ. ಮೊದಲು ಇಡೀ ಕಡಲನ್ನು ಅದರ ಗುಣ ನೋಡಿ 70 ಬಗೆಯ ಪ್ರದೇಶಗಳಾಗಿ ವಿಂಗಡಿಸಿತು. ಪ್ರತಿ ಬಗೆಯಲ್ಲೂ ಕನಿಷ್ಠ ಐದರಲ್ಲಿ ಒಂದು ಪಾಲನ್ನು ಮುಟ್ಟಬಾರದೆಂದು ನಿಯಮ ಮಾಡಿಕೊಂಡಿತು. ಎರಡು ಸುತ್ತು ಜನರ ಅಭಿಪ್ರಾಯ ಕೇಳಿತು. 31 ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಆಮೇಲೆ 2004ರಲ್ಲಿ, ಮೀನು ಹಿಡಿಯಬಾರದ ಪಾಲನ್ನು ನೂರಕ್ಕೆ ಐದಕ್ಕೂ ಕಡಿಮೆ ಇದ್ದದ್ದರಿಂದ 33ಕ್ಕೆ ಏರಿಸಿತು. ನಮ್ಮಲ್ಲಿ ವಿಂಗಡಿಸಲು ಏನಿಲ್ಲ? ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ, ನೇತ್ರಾವತಿಯ ಅಳಿವೆಗಳಿವೆ. ಕಾಂಡ್ಲಾ ಕಾಡಿದೆ. ಮಲ್ಪೆಯ ಎದುರಿಗೆ ಸೇಂಟ್ ಮೇರಿಸ್ ದ್ವೀಪಗಳಿವೆ, ಕಾರವಾರದ ಎದುರಿಗೆ ಕೂರ್ಮಗಡ, ದೇವಗಡ ಇವೆ. ಮುರುಡೇಶ್ವರದ ಎದುರಿಗೆ ನೇತ್ರಾಣಿ ಇದೆ. ತಜ್ಞರಿಲ್ಲವೇ? ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಕಲಿಸುವ ವಿಭಾಗವಿದೆ. ಕೇಂದ್ರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ಕರಾವಳಿಯಲ್ಲೇ ಕೆಲಸ ಮಾಡುತ್ತಿದೆ. ಇಲ್ಲದ್ದು ತಜ್ಞರಲ್ಲ, ಇಚ್ಛೆ!

ಮೀನುಗಾರ ಶತ್ರುವಲ್ಲ

ಇಲ್ಲೊಂದು ಎಚ್ಚರಿಕೆಯ ಮಾತು. ನಗರದ ಕೆಲವು ಪರಿಸರವಾದಿಗಳಿಗೆ ಕಡಲೆಂದರೆ ಮೀನು, ಹವಳ, ಆಮೆ. ಮನುಷ್ಯ ಮಾತ್ರ ಕಾಣುವುದಿಲ್ಲ. ಧಾಮ ಎಂದ ಕೂಡಲೇ ಅಲ್ಲಿಂದ ಮೀನುಗಾರನನ್ನು ಓಡಿಸಬೇಕು ಎಂಬ ಲೆಕ್ಕ. ಕಾಡಿನಲ್ಲಿ ನಡೆದದ್ದೂ ಇದೇ. ಇದನ್ನು ಕಡಲಿನಲ್ಲಿ ನಡೆಯಗೊಡಬಾರದು.

ಉತ್ತರ ಕನ್ನಡದ ಮೀನುಗಾರನಿಗೆ ನಕ್ಷೆ ಎಂದರೆ ಏಕೆ ಭಯ ಗೊತ್ತೇ? 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ನಕ್ಷೆಯ ಮೇಲೆ ಎಳೆದ ಒಂದು ಗೆರೆಯಿಂದ ಸಾವಿರಾರು ಕುಟುಂಬಗಳು ಮನೆ ಬಿಟ್ಟವು, ದೋಣಿ ಕಟ್ಟುವ ದಡ ಬಿಟ್ಟವು. ನೌಕಾನೆಲೆಗೆ ಕದಂಬರ ಹೆಸರಿಟ್ಟರು, ನಾವು ಹೆಮ್ಮೆಪಟ್ಟೆವು. ಆದರೆ ಎದ್ದು ಹೋದವರು ತಮ್ಮ ಪರಿಹಾರಕ್ಕಾಗಿ ದಶಕಗಳ ಕಾಲ ಕಚೇರಿ, ಕೋರ್ಟು ಅಲೆದರು. ಗೋವೆಯ ಆಚೆಯ ಮಾಲವಣದಲ್ಲಿ 1987ರಲ್ಲಿ ಮಹಾರಾಷ್ಟ್ರ ಸರ್ಕಾರ 29 ಚದರ ಕಿ.ಮೀ. ಸಾಗರ ಧಾಮ ಘೋಷಿಸಿತು. ಊರಿನ ಮೀನುಗಾರರು ವಿರೋಧಿಸಿದರು. ಅವರ ಮನ ಒಲಿಸುವ ಕೆಲಸ ಆಗಲಿಲ್ಲ, ಧಾಮ ಹೆಸರಿಗೆ ಮಾತ್ರ ಉಳಿಯಿತು. ಜನ ಒಪ್ಪದ ಧಾಮಕ್ಕೆ ಕಾವಲು ಯಾರು ಕಾಯುತ್ತಾರೆ? ಕಡಲಿಗೆ ಮುಳ್ಳುತಂತಿ ಹಾಕಲಾಗುತ್ತದೆಯೇ?

ಕಾನೂನೇ ಮೀನುಗಾರನ ಪರವಾಗಿದೆ ಎಂಬುದನ್ನು ಎಷ್ಟು ಜನ ಬಲ್ಲಿರಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ವಿಧಿಯನ್ನು ಓದಿ. ಕಡಲಿನ ಭಾಗವನ್ನು ಧಾಮಕ್ಕೆ ಸೇರಿಸುವಾಗ ಕೇಂದ್ರದ ಒಪ್ಪಿಗೆ ಬೇಕು, ನೌಕಾಪಡೆಯ ಮುಖ್ಯ ಜಲನಕ್ಷಾಧಿಕಾರಿಯ ಸಲಹೆ ಬೇಕು. ಅದರ ಜೊತೆಗೆ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲು ಸಾಕಷ್ಟು ಕ್ರಮ ಕೈಗೊಂಡ ನಂತರವೇ ಗಡಿ ಗುರುತಿಸಬೇಕು. ಹಿತ ಕಾಯುವುದು ಮೊದಲು, ಗೆರೆ ಎಳೆಯುವುದು ಆಮೇಲೆ. ಇದು ಯಾರೂ ಕೊಡುವ ಭಿಕ್ಷೆಯಲ್ಲ, ಶಾಸನದ ಮಾತು!

ಆದ್ದರಿಂದ ನಮ್ಮ ನಿಲುವು ಸ್ಪಷ್ಟ. ಮೊಗವೀರ, ಖಾರ್ವಿ, ಹರಿಕಾಂತ, ಅಂಬಿಗ, ಗಾಬಿತ, ದಾಲ್ದಿ – ನಾಡದೋಣಿಯಲ್ಲಿ ಬದುಕುವ ಯಾವ ಜಾತಿ ಧರ್ಮದವನೂ ಕಡಲಿನ ಶತ್ರುವಲ್ಲ. ಶತ್ರು ಎಂದರೆ ನಿಷೇಧಿತ ದೀಪ ಉರಿಸುವವನು, ನಿಷೇಧಿತ ಜೋಡಿಬಲೆ ಎಳೆಯುವವನು, ಅವನಿಂದ ಮರಿ ಮೀನು ಕೊಳ್ಳುವ ಕಾರ್ಖಾನೆಯವನು, ಇದನ್ನೆಲ್ಲ ಕಂಡೂ ಕಾಣದಂತೆ ಕೂತ ಅಧಿಕಾರಿ. ಧಾಮದ ಕಾನೂನು ಮೊದಲು ಬೀಳಬೇಕಾದದ್ದು ಇವರ ತಲೆಯ ಮೇಲೆ. ಗಾಳ ಹಾಕಿ ನಾಲ್ಕು ಮೀನು ಹಿಡಿಯುವವನನ್ನು ಹಿಡಿದು, ನಾಲ್ಕು ಟನ್ ಬಾಚುವವನನ್ನು ಬಿಟ್ಟರೆ ಅದು ಸಂರಕ್ಷಣೆಯಲ್ಲ, ಸೋಗು.

ಕಡಲಿನ ನಕ್ಷೆ ಯಾವ ಭಾಷೆಯಲ್ಲಿ?

ಈಗ ನಮ್ಮ ನಿಮ್ಮ ಹತ್ತಿರದ ಪ್ರಶ್ನೆಗೆ ಬರೋಣ. ಕಡಲಿನ ಮೇಲೆ ಬರುವ ಯೋಜನೆಗಳ ಕಾಗದ ಯಾವ ಭಾಷೆಯಲ್ಲಿರುತ್ತದೆ? ಬಂದರಿನಂಥ ಯೋಜನೆಯ ಪರಿಸರ ಪರಿಣಾಮದ ವರದಿ ನೂರಾರು ಪುಟ ಇಂಗ್ಲಿಷಿನಲ್ಲಿ ಬರುತ್ತದೆ. 2006ರ ಅಧಿಸೂಚನೆಯ ಪ್ರಕಾರ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಅದರ ಸಾರಾಂಶ ಮಾತ್ರ. ತನ್ನ ದಡ ಹೋಗುತ್ತದೆಯೋ ಇಲ್ಲವೋ ಎಂದು ತಿಳಿಯಬೇಕಾದವನ ಕೈಗೆ ಕೆಲವು ಪುಟ, ದಡ ತೆಗೆದುಕೊಳ್ಳುವವನ ಕೈಯಲ್ಲಿ ಪೂರ್ತಿ ಪುಸ್ತಕ!

2020ರಲ್ಲಿ ಕೇಂದ್ರ ಸರ್ಕಾರ ಆ ಅಧಿಸೂಚನೆಯನ್ನೇ ಬದಲಿಸಲು ಹೊಸ ಕರಡು ತಂದಿತು. ಇಡೀ ದೇಶದ ಅಭಿಪ್ರಾಯ ಕೇಳಿತು, ಆದರೆ ಕೇಳಿದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ದಿಲ್ಲಿ ಹೈಕೋರ್ಟು ಆ ವರ್ಷ ಜೂನ್ 30ರಂದು ಆದೇಶಿಸಿತು. ಕೇಂದ್ರ ಅನುವಾದಿಸಿತೇ? ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು! ಸ್ಥಳೀಯ ಭಾಷೆಗಳಲ್ಲಿ ಪ್ರಚಾರ ಮಾಡಿಲ್ಲವೆಂಬ ಪ್ರಶ್ನೆ ಎದುರಿಗಿಟ್ಟುಕೊಂಡು, ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗಸ್ಟಿನಲ್ಲಿ ಮಧ್ಯಂತರ ತಡೆ ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟು. ಕನ್ನಡದಲ್ಲಿ ಕೇಳದಿದ್ದರೆ ಕೇಳಿದಂತೆಯೇ ಅಲ್ಲ. ಕರಾವಳಿಯಲ್ಲಿ ಮನೆಮಾತು ತುಳು ಇರಬಹುದು, ಕೊಂಕಣಿ, ನವಾಯಿತಿ, ಕುಂದಗನ್ನಡ ಇರಬಹುದು. ಸರ್ಕಾರದ ಕಾಗದವನ್ನು ಅಲ್ಲಿನವರು ಓದುವುದು ಕನ್ನಡದಲ್ಲಿ.

ಭಾಷೆಯೊಂದು ಕಡಲನ್ನು ಹೇಗೆ ಉಳಿಸುತ್ತದೆ ಎಂದು ಗುಜರಾತಿನವರನ್ನು ಕೇಳಿ. ಸೌರಾಷ್ಟ್ರದ ದಡದಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. ಕೊಲ್ಲುವಾಗ ಪೀಪಾಯಿ ಕಟ್ಟುತ್ತಿದ್ದುದರಿಂದ ಅದರ ಹೆಸರೇ 'ಬ್ಯಾರಲ್' ಆಗಿಹೋಗಿತ್ತು. 2001ರಲ್ಲಿ ಕಾನೂನು ಬಂತು. ಕಾನೂನೊಂದೇ ಸಾಲದು ಎಂದು ಕಂಡಾಗ 2004ರಲ್ಲಿ ಮೊರಾರಿ ಬಾಪು ಮೀನುಗಾರರ ಮುಂದೆ ನಿಂತು ಅದಕ್ಕೆ ಗುಜರಾತಿಯಲ್ಲಿ 'ವ್ಹಾಲಿ' ಎಂದರು. ಪ್ರೀತಿಯವಳು ಎಂದರ್ಥ. ಹೆರಿಗೆಗೆ ತವರಿಗೆ ಬರುವ ಮಗಳನ್ನು ಕೊಲ್ಲುತ್ತೀರಾ ಎಂಬ ಮಾತು ನಾಟಿತು. ಬಲೆಗೆ ಸಿಕ್ಕಿದ ವ್ಹಾಲಿಯನ್ನು ಬಿಡಿಸಲು ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸತೊಡಗಿದರು. ಹಾಳಾದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು. ಜನರ ಮಾತಿನಲ್ಲಿ ಮಾತಾಡಿದ್ದು, ಜೇಬಿಗೆ ನಷ್ಟವಾಗದಂತೆ ನೋಡಿದ್ದು, ಎರಡೂ ಕೂಡಿದ್ದರಿಂದ ಕೆಲಸವಾಯಿತು. ನಮ್ಮ ಯೋಜನೆಗೂ ಬೇಕಾದದ್ದು ಈ ಎರಡೇ.

ನೇತ್ರಾಣಿ: ನಿಮ್ಮ ಪರೀಕ್ಷೆ

ಕೊನೆಗೆ ನಿಮ್ಮ ಬಗ್ಗೆಯೇ ಒಂದು ಮಾತು. ನೇತ್ರಾಣಿ ನಿಮಗೆ ಗೊತ್ತು. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ. ಮೇಲೆ ಬಿಳಿಹೊಟ್ಟೆಯ ಕಡಲಹದ್ದಿನ ಗೂಡು, ಕೆಳಗೆ ಹವಳ, ಅದರ ಸುತ್ತ ಬಣ್ಣಬಣ್ಣದ ಮೀನು. ನೀವು ಸ್ಕೂಬಾ ಸೂಟು ಹಾಕಿಕೊಂಡು ನೀರೊಳಗೆ ಹೆಬ್ಬೆರಳು ಎತ್ತಿ ತೆಗೆಸಿಕೊಂಡ ಫೋಟೋ ಮೊಬೈಲಿನಲ್ಲಿದೆ. ಇದೇ ದ್ವೀಪವನ್ನು ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ್ದುಂಟು ಎಂಬುದು ಗೊತ್ತೇ? ನಿಮ್ಮ ಬೋಟು ಹವಳದ ಮೇಲೆ ಲಂಗರು ಎಸೆದರೆ ಎಷ್ಟೋ ವರ್ಷದ ಬೆಳವಣಿಗೆ ಒಂದು ಕ್ಷಣದಲ್ಲಿ ಪುಡಿಯಾಗುತ್ತದೆ ಎಂಬುದನ್ನು ಕೇಳಿದಿರಾ? ಟಿಕೆಟಿನ ಬೆಲೆಯಲ್ಲಿ ಚೌಕಾಸಿ ಮಾಡಿದಿರಿ. ಲಂಗರು ಎಲ್ಲಿ ಹಾಕುತ್ತೀರಿ ಎಂದು ಮಾತ್ರ ಕೇಳಲಿಲ್ಲ!

ಬೆಂಗಳೂರಿನ ಕರಾವಳಿ ಹೋಟೆಲಿನಲ್ಲಿ ಅಂಜಲ್ ತವಾ ಫ್ರೈ ಬರುವಾಗ ಅಂಗೈಯಷ್ಟಗಲದ ಮರಿಯ ತುಂಡು ಬಂದರೆ, ಇಷ್ಟು ಸಣ್ಣದನ್ನು ಏಕೆ ಕೊಂಡಿರಿ ಎಂದು ಎಂದಾದರೂ ಕೇಳಿದ್ದೀರಾ? ಕೇರಳ 58 ಬಗೆಯ ಮೀನುಗಳಿಗೆ ಇಷ್ಟು ಉದ್ದಕ್ಕಿಂತ ಸಣ್ಣದನ್ನು ಹಿಡಿಯಬಾರದೆಂದು ಅಳತೆ ಗೊತ್ತುಮಾಡಿದೆ. ಕಾನೂನು ಬಂದರಿನಲ್ಲಿ ಸೋತರೆ ನಿಮ್ಮ ತಟ್ಟೆಯಲ್ಲಿ ಗೆಲ್ಲಬಹುದು. ನೀವು ಕೊಳ್ಳದ ಮರಿಯನ್ನು ಯಾರೂ ಹಿಡಿಯುವುದಿಲ್ಲ.

ನಮ್ಮ ಹಕ್ಕೊತ್ತಾಯಗಳು

ಒಂದು: 12 ನಾಟಿಕಲ್ ಮೈಲಿಯ ಕರ್ನಾಟಕದ ಇಡೀ ಕಡಲಿಗೆ ಒಂದೇ ಯೋಜನೆ ಆಗಲಿ. ಎಲ್ಲ ಇಲಾಖೆಗಳ ನಕ್ಷೆ ಒಂದೇ ಮೇಜಿನ ಮೇಲೆ ಬರಲಿ. ಅದು ಮುಗಿಯುವವರೆಗೆ ಹೊಸ ಬಂದರಿಗೆ ಒಪ್ಪಿಗೆ ಬೇಡ.

ಎರಡು: ಅಳಿವೆ, ಹವಳ, ದ್ವೀಪ, ಆಮೆಯ ದಡ, ಕೆಸರು ತಳ – ಪ್ರತಿಯೊಂದು ಬಗೆಯಲ್ಲೂ ಒಂದು ಪಾಲು ಮೀಸಲಾಗಲಿ. ಅದರ ಸುತ್ತ ನಾಡದೋಣಿಗೆ ಮಾತ್ರ ಬಿಟ್ಟ ನೀರಿರಲಿ. ದೊಡ್ಡ ಬೋಟಿಗೆ ಜಾಗ ಅದರಾಚೆ.

ಮೂರು: ಯೋಜನಾ ಸಮಿತಿಯಲ್ಲಿ ಅರ್ಧದಷ್ಟು ಮೀನುಗಾರರಿರಲಿ. ಮೀನು ಮಾರುವ, ಒಣಗಿಸುವ, ಚಿಪ್ಪಿ ಆರಿಸುವ ಹೆಂಗಸರಿಗೆ ಅದರಲ್ಲಿ ಪಾಲಿರಲಿ. ಮೀನು ಎಲ್ಲಿ ಮೊಟ್ಟೆ ಇಡುತ್ತದೆ ಎಂದು ಅವರಿಗೆ ಯಾವ ಉಪಗ್ರಹವೂ ಹೇಳಿಕೊಡಬೇಕಾಗಿಲ್ಲ.

ನಾಲ್ಕು: ವರದಿ, ನಕ್ಷೆ, ಅಧಿಸೂಚನೆ ಎಲ್ಲವೂ ಪೂರ್ತಿಯಾಗಿ ಕನ್ನಡದಲ್ಲಿ, ಕರಾವಳಿಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ. ಸಾರಾಂಶ ಬೇಡ, ಸಾರವೇ ಬೇಕು.

ಐದು: ಬುಲ್ ಟ್ರಾಲಿಂಗ್, ಲೈಟ್ ಫಿಶಿಂಗ್ ಮಾಡಿ ಸಿಕ್ಕಿಬಿದ್ದ ಬೋಟಿನ ಪರವಾನಗಿ ರದ್ದಾಗಲಿ, ಡೀಸೆಲ್ ಸಹಾಯಧನ ನಿಲ್ಲಲಿ. ನಮ್ಮ ತೆರಿಗೆ ಹಣದ ಡೀಸೆಲಿನಲ್ಲಿ ನಮ್ಮ ಕಡಲನ್ನೇ ಲೂಟಿ ಮಾಡುವುದು ಸಾಕು.

ಆರು: ನೇತ್ರಾಣಿಗೆ ಪೂರ್ಣ ರಕ್ಷಣೆ. ಲಂಗರಿನ ಬದಲು ಕಟ್ಟುಬುರುಡೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ, ಇನ್ನು ಮುಂದೆ ದ್ವೀಪದ ಮೇಲೆ ಗುಂಡು ಹಾರಿಸುವುದಿಲ್ಲ ಎಂದು ನೌಕಾಪಡೆಯಿಂದ ಲಿಖಿತ ಮಾತು.

ಏಳು: ಮೀಸಲು ಕಡಲಿನಿಂದ ಕಸುಬು ಕುಂದುವ ಪ್ರತಿ ದೋಣಿಗೂ, ಗೆರೆ ಎಳೆಯುವ ಮೊದಲೇ ಪರಿಹಾರ. ಆಮೇಲೆ ಕೊಡುತ್ತೇವೆ ಎಂಬ ಮಾತನ್ನು ಸೀಬರ್ಡಿನಲ್ಲಿ ಕೇಳಿ ಆಗಿದೆ.

ಗೆಳೆಯರೇ, ಈ ಏಳು ಮಾತನ್ನು ಬರೆದು ನಿಮ್ಮ ಶಾಸಕನ ಮನೆ ಬಾಗಿಲಿಗೆ ಹೋಗಿ. ನನ್ನ ಕ್ಷೇತ್ರದಲ್ಲಿ ಕಡಲಿಲ್ಲ ಎಂದು ಅವನು ಹೇಳಿದರೆ, ಕಾವೇರಿಯೂ ಎಲ್ಲರ ಕ್ಷೇತ್ರದಲ್ಲಿ ಹರಿಯುವುದಿಲ್ಲ ಎಂದು ಹೇಳಿ. ಟೊಂಕದಲ್ಲಿ, ಕೇಣಿಯಲ್ಲಿ ಧರಣಿ ಕೂತವರ ಪಕ್ಕದಲ್ಲಿ ಒಂದು ದಿನ ಹೋಗಿ ಕೂರಿ. ಗೋಕರ್ಣಕ್ಕೆ ಹೋಗುವ ಬಸ್ಸು ಅಂಕೋಲಾಕ್ಕೂ ಹೋಗುತ್ತದೆ.

ನಕ್ಷೆಯನ್ನು ಮತ್ತೆ ಬರೆಯಿರಿ. ಈ ಸಲ ಪೆನ್ಸಿಲು ಮರಳಿನ ಮೇಲೆ ನಿಲ್ಲದಿರಲಿ. ನೀರಿಗೆ ಇಳಿಯಲಿ.